ಹೊಡೆದವನು ಅಪ್ಪನೋ, ಅಜ್ಜನ ಕುಲೆಯೋ?

ಪ್ರಶ್ನೆ: ನಾನು ಕಾಸರಗೋಡು ಜಿಲ್ಲೆಯ ಎಣ್ಮಕಜೆ ಕಡೆಯವನು. ನಾವು ಆರು ಮಂದಿ ಗೆಳೆಯರು ಕೈಯಲ್ಲಿರುವ ಅಲ್ಪ ಹಣದಲ್ಲಿ ಒಂದು ಭಯಾನಕ ಚಿತ್ರ ಮಾಡಲು ಹೊರಟಿದ್ದೇವೆ. ಮಳೆಗಾಲದಲ್ಲಿ, ಅಡಿಕೆ ತೋಟದ ನಡುವಿನ ಹಳೆಯ ಮನೆಯಲ್ಲಿ ತಂದೆ, ತಾಯಿ ಮತ್ತು ಹತ್ತು ವರ್ಷದ ಮಗಳು ಇರುತ್ತಾರೆ. ತಂದೆ ಹೆಂಡತಿಯನ್ನು ಹೊಡೆಯುತ್ತಾನೆ. ಸತ್ತ ಅಜ್ಜನ ಕುಲೆ, ಎಂದರೆ ಪ್ರೇತ, ಅವನನ್ನು ಮೆಟ್ಟಿಕೊಂಡಿದೆ ಎಂದು ಕೊನೆಗೆ ತಿಳಿಯುತ್ತದೆ. ಮನೆಯ ಹಿಂದಿನ ಸುರಂಗದಲ್ಲಿ ದೈವ ಅವನನ್ನು ಬಿಡಿಸುತ್ತದೆ. ಚಿತ್ರಕಥೆ ಓದಿದ ನನ್ನ ಅಕ್ಕ "ಹಾಗಾದರೆ ಹೊಡೆದದ್ದು ಅಪ್ಪ ಅಲ್ಲವಾ?" ಎಂದು ಕೇಳಿ ಸುಮ್ಮನಾದಳು. ಅಂದಿನಿಂದ ಮುಂದೆ ಬರೆಯಲು ಆಗುತ್ತಿಲ್ಲ. ಏನನ್ನು ಬದಲಿಸಬೇಕು? ಮಗುವಿನಿಂದ ನಟನೆ ಮಾಡಿಸುವುದಕ್ಕೂ ಸೆನ್ಸಾರಿಗೂ ಯಾವ ನಿಯಮಗಳಿವೆ?

ಉತ್ತರ: ನಿಮ್ಮ ಚಿತ್ರಕಥೆಗೆ ನಿಮ್ಮ ಅಕ್ಕನಿಗಿಂತ ಒಳ್ಳೆಯ ಓದುಗರು ಸಿಗಲಾರರು, ಮತ್ತು ಅವರ ಪ್ರಶ್ನೆಗೆ ಈಗಿನ ಕರಡಿನಲ್ಲಿ ಉತ್ತರವಿಲ್ಲ. ತಂದೆಯ ಕೈಯನ್ನು ಅಜ್ಜನ ಪ್ರೇತ ಆಡಿಸುತ್ತಿತ್ತು ಎಂದು ಹೇಳಿದೊಡನೆ, ಅಲ್ಲಿಯವರೆಗೆ ಪ್ರೇಕ್ಷಕರು ಆ ತಾಯಿಯ ಪಕ್ಕದಲ್ಲಿ ಉಸಿರು ಬಿಗಿಹಿಡಿದು ಕುಳಿತದ್ದೆಲ್ಲ ಒಂದು ತಪ್ಪು ತಿಳಿವಳಿಕೆಯಾಗಿ ಮುಗಿಯುತ್ತದೆ. ಉಚ್ಚಾಟನೆಯಾದ ಮೇಲೆ ಗಂಡ ಒಳ್ಳೆಯವನು, ಮನೆ ಒಳ್ಳೆಯದು, ಹೆಂಡತಿಯಾದವಳು ಅವನ ತಲೆಯನ್ನು ಮಡಿಲಿಗೆ ಎಳೆದುಕೊಂಡು ಸಮಾಧಾನ ಮಾಡಬೇಕಾದವಳು. ಚಿತ್ರಕಥೆಗಳನ್ನು ಓದಿ ತಿದ್ದುವ ಕೆಲಸದಲ್ಲಿ ಇಂಥ ಮುಕ್ತಾಯವನ್ನು ನಾನು ಬಹಳ ಸಲ ಕಂಡಿದ್ದೇನೆ. ಬರೆದವರಿಗೆ ಕೆಟ್ಟ ಉದ್ದೇಶ ಇರುವುದಿಲ್ಲ; ಭಯಾನಕ ಚಿತ್ರವೆಂದ ಮೇಲೆ ಕೊನೆಗೊಂದು ಪ್ರೇತ ಹೊರಗೆ ಬರಲೇಬೇಕು ಎಂಬ ಅಭ್ಯಾಸ ಅವರನ್ನು ಅತ್ತ ಎಳೆದಿರುತ್ತದೆ. ಆದರೆ ಮನೆಯೊಳಗಿನ ಹಿಂಸೆಯನ್ನು ವಸ್ತುವಾಗಿ ಆರಿಸಿಕೊಂಡವರು ಒಂದು ವಿಷಯವನ್ನು ಬಿಟ್ಟುಕೊಡುವಂತಿಲ್ಲ. ಹೊಡೆದ ಕೈ ಮೊದಲ ದೃಶ್ಯದಿಂದ ಕೊನೆಯ ದೃಶ್ಯದವರೆಗೆ ಮನುಷ್ಯನದೇ ಆಗಿರಬೇಕು.

ಪ್ರೇತ ಚಿತ್ರದಲ್ಲಿ ಇರಲಿ, ಅದರ ಜಾಗ ಮಾತ್ರ ಬದಲಾಗಲಿ. ನಮ್ಮ ಕಡೆಯ ಮನೆಗಳಲ್ಲಿ ಪ್ರೇತ ಕತ್ತಲೆಯಲ್ಲಿ ಕಾಣಿಸಿಕೊಳ್ಳುವುದಕ್ಕೆ ಎಷ್ಟೋ ಮೊದಲು ಮಾತಿನಲ್ಲಿ ಕಾಣಿಸಿಕೊಳ್ಳುತ್ತದೆ. ಅವನ ಮೈಮೇಲೆ ಏನೋ ಬಂದದ್ದು, ಗಾಳಿ ತಾಗಿದ್ದು, ಮನೆಯಲ್ಲಿ ಕುಲೆಯ ಉಪದ್ರ ಇದೆ, ಹಿರಿಯರಿಗೆ ಸಲ್ಲಬೇಕಾದದ್ದು ಬಾಕಿ ಉಳಿದಿದೆ: ಹೆಂಡತಿಯ ಕೆನ್ನೆಯ ಮೇಲಿನ ಬಾವನ್ನು ಕಂಡ ನೆಂಟರು ಆಡುವ ಮಾತುಗಳು ಇವು. ಜೋಯಿಸರಿಂದ ಅಷ್ಟಮಂಗಲ ಪ್ರಶ್ನೆ ಇರಿಸಿ, ಕವಡೆ ಹಾಕಿಸಿ, ಮೂರು ತಲೆಮಾರಿನ ಹಿಂದೆ ಸತ್ತವರ ಅತೃಪ್ತಿಯನ್ನೆಲ್ಲ ವಿಚಾರಿಸುವ ಮನೆಯವರು, ಅಡುಗೆ ಕೋಣೆಯಲ್ಲಿ ಬಂದವರಿಗೆಲ್ಲ ಕಾಫಿ ಕಾಸುತ್ತಿರುವ, ಬದುಕಿರುವ ಹೆಂಗಸನ್ನು ಏನಾಯಿತೆಂದು ಒಂದು ಮಾತೂ ಕೇಳದೆ ಎದ್ದುಹೋಗುವ ದೃಶ್ಯವನ್ನು ಬರೆಯಿರಿ. ಇದನ್ನು ಯಾರ ನಂಬಿಕೆಯನ್ನೂ ಹಳಿಯುವುದಕ್ಕಾಗಿ ಹೇಳುತ್ತಿಲ್ಲ. ನಂಬಿಕೆಯನ್ನು ನೆಪವಾಗಿ ಬಳಸಿಕೊಳ್ಳುವ ಕುಟುಂಬವನ್ನು ತೋರಿಸಿ ಎನ್ನುತ್ತಿದ್ದೇನೆ. ಆಗ ನಿಮ್ಮ ತಂದೆಯ ಪಾತ್ರವೇ, ಮರುದಿನ ಬೆಳಗ್ಗೆ ತಲೆ ತಗ್ಗಿಸಿಕೊಂಡು, "ನಿನ್ನೆ ನಾನು ನಾನಾಗಿರಲಿಲ್ಲ" ಎನ್ನಬಹುದು. ಆ ಮಾತನ್ನು ಮನೆಯವರೆಲ್ಲ ನಂಬುವುದು, ಹತ್ತು ವರ್ಷದ ಹುಡುಗಿಯೊಬ್ಬಳು ನಂಬದಿರುವುದು, ಸುರಂಗದ ಕತ್ತಲೆಗಿಂತ ಹೆಚ್ಚು ಹೆದರಿಸುತ್ತದೆ.

ಹಾಗಾದರೆ ಅಜ್ಜನ ಕುಲೆ ಏನು ಮಾಡಬೇಕು? ನನ್ನ ಸಲಹೆಯೆಂದರೆ, ಅದು ಯಾರ ಮೈಯನ್ನೂ ಹೊಗದೆ ಸುಮ್ಮನೆ ಮನೆಯಲ್ಲಿ ಕುಳಿತಿರಲಿ. ಕಾಲವನ್ನು ಬರಿಯ ಮಳೆಗಾಲ ಎಂದು ಬಿಡದೆ, ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗಿನ ಆಟಿ ತಿಂಗಳಿಗೆ ಕಟ್ಟಿಹಾಕಿ. ಆ ತಿಂಗಳಲ್ಲಿ ತುಳುವರ ಮನೆಗಳಲ್ಲಿ ಸತ್ತ ಹಿರಿಯರ ಕುಲೆಗಳಿಗೆ ಎಲೆ ಹಾಕಿ ಬಡಿಸುವ ಪದ್ಧತಿಯಿದೆ. ಮದುವೆಯಾದ ಹೊಸತರಲ್ಲಿ ಹೆಣ್ಣುಮಕ್ಕಳು ತವರಿಗೆ ಹೋಗಿ ಕೂರುವುದೂ ಅದೇ ತಿಂಗಳಲ್ಲಿ. ಎಂದರೆ ಸತ್ತವರು ಮನೆಗೆ ಬರುವ, ಹೆಣ್ಣುಮಕ್ಕಳು ಆ ಮನೆಯಿಂದ ಸ್ವಲ್ಪ ದಿನ ಹೊರಗೆ ಹೋಗುವ ತಿಂಗಳು ಅದು. ನಿಮ್ಮ ಕಥೆಯ ತಾಯಿಯನ್ನು ಮದುವೆಯ ನಂತರದ ಮೊದಲ ಆಟಿಯಲ್ಲೇ ತವರಿಗೆ ಕಳುಹಿಸಿರಲಿಲ್ಲ ಎನ್ನುವುದನ್ನು ನೆರೆಮನೆಯ ಹೆಂಗಸಿನ ಬಾಯಿಂದ ಒಂದೇ ಸಾಲಿನಲ್ಲಿ ಹೇಳಿಸಿದರೆ ಸಾಕು, ಹಿಂದಿನ ಕಥೆಗೆ ಬೇರೆ ದೃಶ್ಯ ಬೇಡ. ಅಜ್ಜನ ಎಲೆಗೆ ಬಡಿಸುವಾಗ ತಾಯಿಯ ಕೈ ನಡುಗುತ್ತದೆ. ಅಜ್ಜ ಬದುಕಿದ್ದಾಗಲೂ ಅದೇ ಜಾಗದಲ್ಲಿ ಕುಳಿತು ಅಜ್ಜಿಯತ್ತ ತಟ್ಟೆ ಬೀಸುತ್ತಿದ್ದನೆಂದು, ಮಗನಾಗಿ ಅದನ್ನು ಬಾಗಿಲ ಸಂದಿಯಿಂದ ನೋಡುತ್ತಿದ್ದವನೇ ಇಂದಿನ ತಂದೆಯೆಂದು, ಮಗಳಿಗೆ ಕುಲೆಯ ಮೂಲಕವೇ ಗೊತ್ತಾಗಲಿ. ಕುಲೆಗೆ ಗೊತ್ತಿದೆ, ಕುಲೆ ನೋಡಿದೆ, ಕುಲೆಗೆ ನಾಚಿಕೆಯೂ ಇರಬಹುದು. ಆದರೆ ಅದು ಈ ಮಗನ ತಪ್ಪನ್ನು ತನ್ನ ತಲೆಯ ಮೇಲೆ ಹೊತ್ತುಕೊಳ್ಳುವುದಿಲ್ಲ.

ಇಲ್ಲಿ ಒಂದು ವಿಷಯವನ್ನು ನೀವು ಬರೆಯುವ ಮೊದಲೇ ತೀರ್ಮಾನಿಸಬೇಕು. ಈ ಅಜ್ಜ ಯಾರ ಕಡೆಯವನು? ಮನೆ ಮಕ್ಕಳಕಟ್ಟಿನದಾದರೆ, ಎಂದರೆ ಆಸ್ತಿ ತಂದೆಯಿಂದ ಮಕ್ಕಳಿಗೆ ಬರುವ ಮನೆಯಾದರೆ, ಅವನು ತಂದೆಯ ತಂದೆ, ನೀವು ಬರೆದಂತೆಯೇ ಸರಿ. ಅಳಿಯಕಟ್ಟಿನ ಮನೆಯಾದರೆ ಯಜಮಾನಿಕೆ ಬರುವುದು ಸೋದರಮಾವನಿಂದ. ಆ ಮನೆಯಲ್ಲಿ ಹೆದರಿಕೆಯ ಕುರ್ಚಿಯಲ್ಲಿ ಕುಳಿತವನು ಅಪ್ಪನಿಗಿಂತ ಮಾವನಾಗಿರುವುದೇ ಹೆಚ್ಚು, ಮತ್ತು ಹೆಣ್ಣಿಗೆ ಮರಳಿ ಹೋಗಲು ತಾಯಿಮನೆಯ ಹಕ್ಕು ಇತ್ತು. ಕೇರಳದಲ್ಲಿ ಹಿಂದೂ ಅವಿಭಕ್ತ ಕುಟುಂಬ ಪದ್ಧತಿಯನ್ನು ರದ್ದುಪಡಿಸಿದ 1975ರ ಕಾಯಿದೆ 1976ರ ಡಿಸೆಂಬರ್ 1ರಿಂದ ಜಾರಿಗೆ ಬಂತು. ಆಮೇಲಿನ ಪಾಲುಪಟ್ಟಿಗಳಲ್ಲಿ ಯಾರ ಹೆಸರಿಗೆ ಏನು ಬಂತು, ಯಾವ ಹೆಂಗಸು ಎಲ್ಲಿ ಸಹಿ ಹಾಕಿದಳು ಎಂಬುದು ನಿಮ್ಮ ಹಳೆಯ ಮನೆಯ ಪೆಟ್ಟಿಗೆಯಲ್ಲಿರುವ ಕಾಗದಗಳಲ್ಲಿ ಇರಬಹುದು. ಭಯಾನಕ ಚಿತ್ರಕ್ಕೆ ಅಂಥ ಪೆಟ್ಟಿಗೆಗಿಂತ ಒಳ್ಳೆಯ ವಸ್ತು ಇಲ್ಲ.

ದೈವದಿಂದ ಬಿಡುಗಡೆಯಾಗುವ ಮುಕ್ತಾಯವನ್ನು ಕೈಬಿಡಿ ಎಂದು ನೇರವಾಗಿಯೇ ಹೇಳುತ್ತೇನೆ. ದೈವಾರಾಧನೆ ನಿರ್ದಿಷ್ಟ ಸಮುದಾಯಗಳವರು ವ್ರತ ಹಿಡಿದು ನಡೆಸುವ ಆಚರಣೆ. ಅದರ ವೇಷವನ್ನು ನಟನೊಬ್ಬನ ಮೇಲೆ ಹೊದಿಸಿ ಕಥೆಯ ಗಂಟು ಬಿಚ್ಚಿಸುವುದು ಆ ಜನರಿಗೂ ಮಾಡುವ ಅನ್ಯಾಯ, ಕಥೆಗೂ ಮಾಡುವ ಅನ್ಯಾಯ. ದೈವ ತೀರ್ಪು ಕೊಟ್ಟರೆ ನೆರೆಯವರು, ನೆಂಟರು, ಪಂಚಾಯತಿನ ಸದಸ್ಯ, ಎಲ್ಲರೂ ಕೈತೊಳೆದುಕೊಂಡು ಪ್ರಸಾದ ತೆಗೆದುಕೊಂಡು ಹೋಗಬಹುದು. ಆದರೆ ಈ ನೆಲದ ತೆಯ್ಯದ, ಎಂದರೆ ಉತ್ತರ ಮಲಬಾರಿನ ದೈವಾರಾಧನೆಯ, ಹಾಡುಗಳಿಂದ ನೀವು ಕಲಿಯಬೇಕಾದದ್ದು ಒಂದಿದೆ. ಪಯ್ಯನ್ನೂರಿನ ಹತ್ತಿರದ ಕುಂಞಿಮಂಗಲದ ಕಡಾಂಗೋಟ್ ಮಾಕ್ಕಂ ಹನ್ನೆರಡು ಅಣ್ಣಂದಿರಿಗೆ ಒಬ್ಬಳೇ ತಂಗಿ. ಅತ್ತಿಗೆಯರ ಚಾಡಿಮಾತಿಗೆ ಕಿವಿಗೊಟ್ಟ ಅಣ್ಣಂದಿರು ಅವಳನ್ನೂ ಅವಳ ಅವಳಿ ಮಕ್ಕಳನ್ನೂ ಕೊಂದರು. ಆ ಅಣ್ಣಂದಿರನ್ನು ಯಾವ ಪ್ರೇತವೂ ಮೆಟ್ಟಿಕೊಂಡಿರಲಿಲ್ಲ. ಸತ್ತವಳು ದೈವವಾದಳು, ಕೊಂದವರು ಕೊಂದವರಾಗಿಯೇ ಉಳಿದರು. ಅಲೌಕಿಕವಾದದ್ದು ಯಾರ ಪಾಲಿಗೆ ಸೇರಬೇಕು ಎಂಬುದನ್ನು ಆ ಹಾಡು ಕಟ್ಟಿದವರು ನಿಮಗಿಂತ, ನನಗಿಂತ ಚೆನ್ನಾಗಿ ತಿಳಿದಿದ್ದರು. ಸಿರಿಯ ತುಳು ಪಾಡ್ದನದಲ್ಲಿ, ಎಂದರೆ ಬಾಯಿಂದ ಬಾಯಿಗೆ ಬಂದ ಹಾಡುಗಥೆಯಲ್ಲಿ, ಬರುವ ಅಬ್ಬಗ–ದಾರಗರ ಕಥೆಯನ್ನೂ ನೆನಪಿಸಿಕೊಳ್ಳಿ: ಗುಳಿಗಳಿರುವ ಮಣೆಯಲ್ಲಿ ಕಾಯಿ ನಡೆಸುವ ಚೆನ್ನೆಯಾಟದಲ್ಲಿ ಮುನಿದು ಅಕ್ಕ ತಂಗಿಯನ್ನು ಚೆನ್ನೆಮಣೆಯಿಂದಲೇ ಹೊಡೆಯುತ್ತಾಳೆ. ಅಕ್ಕತಂಗಿಯರು ಎದುರುಬದುರು ಕೂತು ಚೆನ್ನೆ ಆಡಬಾರದು ಎಂಬ ಮಾತು ಅಲ್ಲಿಂದ ಬಂದದ್ದು. ಅಟ್ಟದಲ್ಲಿ ಒಂದು ಚೆನ್ನೆಮಣೆ ಸಿಕ್ಕಿ, ಆಡಲು ಜೊತೆಯಿಲ್ಲದ ಮಗಳು ಎರಡೂ ಕಡೆಯ ಕಾಯಿಗಳನ್ನು ತಾನೇ ನಡೆಸುತ್ತಿರುವುದು, ಒಂದು ಸರದಿಯಲ್ಲಿ ಆಚೆ ಕಡೆಯ ಕಾಯಿಗಳು ಅವಳು ಮುಟ್ಟದೆಯೇ ಮುಂದೆ ಹೋಗಿರುವುದು – ಇಷ್ಟು ಪ್ರೇತ ಒಂದು ಚಿತ್ರಕ್ಕೆ ಸಾಕಾಗುತ್ತದೆ.

ಈಗ ಭಯ ಹುಟ್ಟಿಸುವ ವಿಧಾನಕ್ಕೆ ಬರುತ್ತೇನೆ, ಏಕೆಂದರೆ ಹಣ ಕಡಿಮೆ ಇರುವವರಿಗೆ ಇದೇ ನಿಜವಾದ ಬಂಡವಾಳ. ಹೊಡೆಯುವವನು ಇರುವ ಮನೆಯಲ್ಲಿ ಉಳಿದವರೆಲ್ಲ ಕಿವಿಯಲ್ಲಿ ಬದುಕುತ್ತಾರೆ. ಬೈಕಿನ ಸದ್ದು ಗುಡ್ಡೆಯ ತಿರುವಿನಲ್ಲಿ ಕೇಳಿದಾಗಿನಿಂದ ಅಂಗಳದಲ್ಲಿ ನಿಲ್ಲುವವರೆಗೆ ಎಷ್ಟು ಹೊತ್ತು ಇದೆ, ಚಪ್ಪಲಿಯನ್ನು ಜಗಲಿಯಲ್ಲಿ ಬಿಟ್ಟನೋ ಎಸೆದನೋ, ಕೀಲಿಯನ್ನು ಮೊಳೆಗೆ ಸಿಕ್ಕಿಸಿದನೋ ಮೇಜಿನ ಮೇಲೆ ಕುಕ್ಕಿದನೋ ಎಂಬುದರಿಂದ ಆ ರಾತ್ರಿ ಹೇಗಿರುತ್ತದೆಂದು ಮಗುವೂ ಹೇಳಬಲ್ಲದು. ಮಳೆಗಾಲದಲ್ಲಿ ತೋಟದ ಕೆಲಸವಿಲ್ಲದ ಮಧ್ಯಾಹ್ನ ತಾಯಿ ಒಣ ಅಡಿಕೆ ಸುಲಿಯುತ್ತಿದ್ದಾಳೆ. ಮೆಟ್ಟುಕತ್ತಿಯ ಆ ಒಂದೇ ಲಯಕ್ಕೆ ಪ್ರೇಕ್ಷಕರ ಕಿವಿ ಒಗ್ಗಿಕೊಳ್ಳಲಿ. ಬೈಕು ಕೇಳಿಸುವುದಕ್ಕೆ ಕ್ಷಣ ಮೊದಲೇ ಆ ಲಯ ನಿಲ್ಲಲಿ. ಮೂರನೆಯ ಸಲ ಲಯ ನಿಂತಾಗ ಬೈಕು ಬರದಿದ್ದರೂ ನೋಡುವವರ ಬೆನ್ನು ನೆಟ್ಟಗಾಗುತ್ತದೆ. ಇದಕ್ಕೆ ಹಿನ್ನೆಲೆ ಸಂಗೀತ ಬೇಡ, ತಟ್ಟನೆ ಎದುರಿಗೆ ಬಂದು ಬೆಚ್ಚಿಬೀಳಿಸುವ ಮುಖವೂ ಬೇಡ.

ಭಾಷೆಯನ್ನೂ ಶಬ್ದದಂತೆಯೇ ಬಳಸಿ. ನಮ್ಮ ಗಡಿಯ ಮನೆಗಳಲ್ಲಿ ಒಂದೇ ನಾಲಿಗೆ ದಿನಕ್ಕೆ ಮೂರು ನಾಲ್ಕು ಭಾಷೆಗಳನ್ನು ಆಡುತ್ತದೆ: ಶಾಲೆಯಲ್ಲಿ, ಸಭೆಯಲ್ಲಿ ಪುಸ್ತಕದ ಕನ್ನಡ, ಪೇಟೆಯಲ್ಲಿ ಮಲಯಾಳ, ಮನೆಯಲ್ಲಿ ತುಳುವೋ ಹವ್ಯಕವೋ ಕರಾಡವೋ. ನಿಮ್ಮ ತಂದೆಯ ಪಾತ್ರ ಊರಿನಲ್ಲಿ ಗೌರವಸ್ಥ, ತೂಕದ ಕನ್ನಡ ಮಾತಾಡುವವನು, ಮನೆಯಲ್ಲಿ ಮನೆಮಾತು. ಒಂದು ದಿನ ಊಟದ ಹೊತ್ತಿಗೆ ಅವನು ಹೆಂಡತಿಯೊಡನೆ ಸಭೆಯ ಕನ್ನಡದಲ್ಲಿ, "ನೀವು" ಎಂದು ಮಾತು ತೆಗೆಯುತ್ತಾನೆ, ಮತ್ತು ಮಗಳು ಕೂಡಲೇ ಕೈತೊಳೆಯಲು ಏಳುತ್ತಾಳೆ. ಏನಾಗಲಿದೆಯೆಂದು ಕಾಸರಗೋಡಿನ ಪ್ರೇಕ್ಷಕರಿಗೆ ವಿವರಿಸಬೇಕಾಗಿಲ್ಲ; ಹೊರಗಿನವರೂ ಎರಡನೆಯ ಸಲಕ್ಕೆ ಕಲಿತುಕೊಳ್ಳುತ್ತಾರೆ.

ಹೊಡೆಯುವ ದೃಶ್ಯವನ್ನು ಒಂದು ಸಲಕ್ಕಿಂತ ಹೆಚ್ಚು ತೋರಿಸಬೇಡಿ, ಆ ಒಂದು ಸಲವೂ ಕ್ಯಾಮೆರಾ ಹೊಡೆಯುವವನ ಹೆಗಲ ಹಿಂದೆ ನಿಲ್ಲದಿರಲಿ. ಅಲ್ಲಿ ನಿಂತರೆ ಪ್ರೇಕ್ಷಕರ ಕೈಯೂ ಅವನ ಕೈಯೊಂದಿಗೆ ಏಳುತ್ತದೆ. ಮಗಳ ಕಣ್ಣಿನ ಎತ್ತರದಲ್ಲಿ, ಮುಚ್ಚಿದ ಬಾಗಿಲಿನ ಈಚೆ ನಿಲ್ಲಿಸಿ, ಶಾಟನ್ನು ಕತ್ತರಿಸದೆ ಹಿಡಿಯಿರಿ. ಅದಕ್ಕಿಂತ ಹೆಚ್ಚು ಹೊತ್ತನ್ನು ಮರುದಿನಕ್ಕೆ ಕೊಡಿ. ಅಮೆರಿಕದ ಮನಶ್ಶಾಸ್ತ್ರಜ್ಞೆ ಲೆನೋರ್ ವಾಕರ್ 1979ರಲ್ಲಿ ವಿವರಿಸಿದ ಹಿಂಸೆಯ ಚಕ್ರದಲ್ಲಿ ಬಿಗುವು ಏರುವುದು, ಸ್ಫೋಟಿಸುವುದು, ಆಮೇಲೆ ಪಶ್ಚಾತ್ತಾಪ ಮತ್ತು ಅಕ್ಕರೆ ಎಂಬ ಹಂತಗಳಿವೆ. ಎಲ್ಲ ಮನೆಗಳಲ್ಲೂ ಇದು ಹೀಗೆಯೇ ನಡೆಯುವುದಿಲ್ಲವಾದರೂ, ಮೂರನೆಯ ಹಂತವನ್ನು ನಮ್ಮ ಚಿತ್ರಗಳು ಬಹುತೇಕ ಮರೆತಿವೆ. ತಂದೆ ಪೇಟೆಯಿಂದ ಒಳ್ಳೆಯ ಮೀನು ತರುತ್ತಾನೆ, ಮಗಳಿಗೆ ಬಣ್ಣದ ಪೆನ್ಸಿಲು ತರುತ್ತಾನೆ, ತಾನೇ ತೆಂಗಿನಕಾಯಿ ಹೆರೆದುಕೊಡುತ್ತಾನೆ. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎನ್ನುತ್ತಾ ಅತ್ತೆ ನಗುತ್ತಾಳೆ. ಆ ಮಧ್ಯಾಹ್ನದ ಊಟವನ್ನು ಒಂದು ನಿಮಿಷ ಹೆಚ್ಚೇ ತೋರಿಸಿ. ಆ ಗಾದೆಯನ್ನು ಮುಂದೆಂದೂ ಪ್ರೇಕ್ಷಕರು ಹಗುರಾಗಿ ಆಡಲಾರರು. ಚಿತ್ರೀಕರಣದಲ್ಲಿ ನಿಜವಾದ ಏಟು ಒಂದೂ ಬೀಳಕೂಡದು. ಪ್ರತಿ ಚಲನೆಯನ್ನು ಮೊದಲೇ ಅಭ್ಯಾಸ ಮಾಡಿ, ಯಾರಾದರೂ ಹೇಳಿದ ಕೂಡಲೇ ಎಲ್ಲರೂ ನಿಲ್ಲಿಸುವ ಒಂದು ಮಾತನ್ನು ಗೊತ್ತುಪಡಿಸಿಕೊಳ್ಳಿ. ಹೊಡೆತದ ಸದ್ದನ್ನು ಆಮೇಲೆ ಸೇರಿಸಿ. ಹಂಚಿನ ಮಾಡಿನ ಮೇಲೆ ಮಳೆ ಬೀಳುವಾಗ ಮಾತನ್ನು ಸ್ಥಳದಲ್ಲೇ ಹಿಡಿಯುವುದು ಆಗದ ಕೆಲಸ, ಆದ್ದರಿಂದ ಡಬ್ಬಿಂಗಿಗೆ ದಿನಗಳನ್ನು ಈಗಲೇ ತೆಗೆದಿಡಿ. ಪ್ರತಿ ಕೋಣೆಯ ಮೌನವನ್ನೂ ಒಂದೊಂದು ನಿಮಿಷ ಬೇರೆಯಾಗಿ ಹಿಡಿದಿಟ್ಟುಕೊಳ್ಳಿ.

ಸುರಂಗದ ವಿಷಯದಲ್ಲಿ ಗಟ್ಟಿಯಾಗಿಯೇ ಹೇಳಬೇಕು. ಮುರಕಲ್ಲಿನ ಗುಡ್ಡೆಯನ್ನು ಅಡ್ಡಲಾಗಿ ಕೊರೆದು ನೀರು ತರುವ ನಮ್ಮ ಸುರಂಗಗಳು ಒಬ್ಬ ಮನುಷ್ಯ ಹೇಗೋ ನುಸುಳುವಷ್ಟೇ ಅಗಲದವು. ಒಳಗೆ ಹೋದಂತೆ ಗಾಳಿ ಕಡಿಮೆ, ಮಳೆಗಾಲದಲ್ಲಿ ಮಣ್ಣು ಕುಸಿಯುವ ಅಪಾಯ. ಅಗೆಯುವವರು ಉರಿಯುವ ದೀಪವನ್ನು ಒಯ್ದು, ಅದು ಮಂಕಾದರೆ ಹಿಂದಿರುಗುತ್ತಿದ್ದರು. ನಟರನ್ನೂ ದೀಪಗಳನ್ನೂ ಅಲ್ಲಿಗೆ ನುಗ್ಗಿಸಬೇಡಿ, ಮಗುವನ್ನಂತೂ ಖಂಡಿತ ಬೇಡ. ಬಾಯನ್ನು ಮಾತ್ರ ಹೊರಗಿನಿಂದ ಚಿತ್ರಿಸಿ, ಒಳಭಾಗವನ್ನು ಅಡಿಕೆ ಕೊಟ್ಟಿಗೆಯಲ್ಲಿ ಹಲಗೆ ಮತ್ತು ಕೆಸರು ಮಣ್ಣಿನಿಂದ ಕಟ್ಟಿಕೊಳ್ಳಿ. ಇನ್ನೊಂದು ಮಾತು: ನೀವು ಎಣ್ಮಕಜೆಯವರು. ಗೇರು ತೋಟಗಳಿಗೆ 2000ದವರೆಗೆ ಹೆಲಿಕಾಪ್ಟರಿನಿಂದ ಸಿಂಪಡಿಸಿದ ಎಂಡೋಸಲ್ಫಾನ್ ಕೀಟನಾಶಕದ ಹಾನಿಯನ್ನು ಹೊತ್ತು ಹುಟ್ಟಿದ ಮಕ್ಕಳಿರುವ ಊರು ಅದು. ಊರಿನ ವಾತಾವರಣ ಎಂಬ ಹೆಸರಿನಲ್ಲಿ ಅಂಥ ಒಂದು ದೇಹವನ್ನೂ ಹೆದರಿಸುವ ಸಾಧನವಾಗಿ ತೋರಿಸಬೇಡಿ.

ಅವಳು ಏಕೆ ಬಿಟ್ಟುಹೋಗುವುದಿಲ್ಲ ಎಂದು ಪ್ರೇಕ್ಷಕರು ಕೇಳಿಯೇ ಕೇಳುತ್ತಾರೆ. ನಿಮ್ಮ ಕರಡಿನಲ್ಲಿ ಪ್ರೇತ ಬಾಗಿಲನ್ನು ಮುಚ್ಚುತ್ತದೆ. ನಿಜವಾದ ಮನೆಗಳಲ್ಲಿ ಬಾಗಿಲು ತೆರೆದೇ ಇರುತ್ತದೆ, ಆದರೆ ಬಸ್ಸಿನ ಚಾರ್ಜಿಗೆ ದುಡ್ಡಿರುವುದಿಲ್ಲ, ಫೋನು ಅವನ ಕೈಯಲ್ಲಿರುತ್ತದೆ. 2006ರ ಅಕ್ಟೋಬರ್ 26ರಿಂದ ಜಾರಿಯಲ್ಲಿರುವ ಕೌಟುಂಬಿಕ ದೌರ್ಜನ್ಯ ತಡೆ ಕಾಯಿದೆ, 2005, ಹೊಡೆತವನ್ನಷ್ಟೇ ಅಲ್ಲದೆ ಲೈಂಗಿಕ, ಮಾತಿನ, ಮಾನಸಿಕ ಮತ್ತು ಆರ್ಥಿಕ ಹಿಂಸೆಯನ್ನೂ ಹಿಂಸೆಯೆಂದೇ ಎಣಿಸುತ್ತದೆ. ಮನೆ ಯಾರ ಹೆಸರಿನಲ್ಲಿದ್ದರೂ ಅಲ್ಲಿ ವಾಸಿಸುವ ಹಕ್ಕನ್ನು ಹೆಣ್ಣಿಗೆ ಕೊಡುತ್ತದೆ. ಈ ಹಕ್ಕು ಇದೆಯೆಂದು ಅವಳಿಗೆ ಹೇಳುವವರು ಯಾರು, ಹೇಳಬಹುದಾಗಿದ್ದರೂ ಹೇಳದವರು ಯಾರು ಎಂಬುದು ನಿಮ್ಮ ಚಿತ್ರದ ನಡುಭಾಗವಾಗಬಹುದು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕೇರಳದ ವಿವಾಹಿತ ಮಹಿಳೆಯರಲ್ಲಿ ಗಂಡನಿಂದ ಹಿಂಸೆಯಾಗಿದೆ ಎಂದವರು ನೂರಕ್ಕೆ 10ರಷ್ಟು ಮಾತ್ರ, ಕರ್ನಾಟಕದಲ್ಲಿ 44. ಆದರೆ ಒಂದಲ್ಲ ಒಂದು ಕಾರಣಕ್ಕೆ ಗಂಡ ಹೊಡೆಯುವುದು ಸರಿ ಎಂದ ಮಹಿಳೆಯರು ಕೇರಳದಲ್ಲಿಯೂ ನೂರಕ್ಕೆ 52 ಇದ್ದರು. ಕೇರಳದ ಈ ಎರಡು ಅಂಕಿಗಳ ನಡುವಿನ ಮೌನದಲ್ಲಿ ನಿಮ್ಮ ಅತ್ತೆಯ ಪಾತ್ರವೂ ನೆರೆಮನೆಯವರ ಪಾತ್ರವೂ ಇವೆ. ಗಡಿನಾಡಿನ ಇನ್ನೊಂದು ಬೀಗವೂ ಇದೆ: ಕನ್ನಡ ಮಾತ್ರ ಓದಬಲ್ಲ ತಾಯಿಯ ಮುಂದೆ ಮಲಯಾಳದಲ್ಲಿ ಬರೆದ ದೂರಿನ ಕಾಗದ. ಕೇರಳದ 1969ರ ಅಧಿಕೃತ ಭಾಷೆಗಳ ಕಾಯಿದೆ ಕನ್ನಡ ಅಲ್ಪಸಂಖ್ಯಾತರಿಗೆ ಸರ್ಕಾರದೊಡನೆ ಕನ್ನಡದಲ್ಲಿ ವ್ಯವಹರಿಸುವ ಅವಕಾಶ ಕೊಟ್ಟಿದೆ. ಹಾಗಿದ್ದೂ ತನ್ನ ಮೈಮೇಲಿನ ಗಾಯದ ವಿವರವನ್ನು ತಾನೇ ಓದಲಾರದೆ ಸಹಿ ಹಾಕಬೇಕಾದ ಹೆಂಗಸಿನ ಮುಖವನ್ನು ನೀವು ತೋರಿಸಿದರೆ, ಮಗಳು ಆ ಕಾಗದವನ್ನು ಅಕ್ಷರ ಕೂಡಿಸಿ ಓದಿ ಹೇಳಿದರೆ, ಅದಕ್ಕಿಂತ ತೀವ್ರವಾದ ದೃಶ್ಯ ನಿಮ್ಮ ಚಿತ್ರದಲ್ಲಿ ಬೇರೆ ಇರಲಾರದು.

ಮಗುವಿನ ವಿಷಯದಲ್ಲಿ ಕಾನೂನು ಸ್ಪಷ್ಟವಾಗಿದೆ. ಬಾಲಕಾರ್ಮಿಕ ಕಾಯಿದೆಯ 2017ರ ತಿದ್ದುಪಡಿ ನಿಯಮಗಳ ಪ್ರಕಾರ ಹದಿನಾಲ್ಕು ತುಂಬದ ಮಗು ನಟಿಸಬೇಕಾದರೆ ಜಿಲ್ಲಾ ಮ್ಯಾಜಿಸ್ಟ್ರೇಟರ ಅನುಮತಿ ಬೇಕು, ಎಂದರೆ ನೀವು ಕಾಸರಗೋಡಿನ ವಿದ್ಯಾನಗರದ ಕಲೆಕ್ಟರೇಟಿಗೆ ಹೋಗಬೇಕು. ದಿನಕ್ಕೆ 5 ಗಂಟೆಗಿಂತ ಹೆಚ್ಚು ಕೆಲಸ ಇಲ್ಲ, ವಿಶ್ರಾಂತಿಯಿಲ್ಲದೆ 3 ಗಂಟೆ ಮೀರುವಂತಿಲ್ಲ, ಒಂದೇ ಸಮನೆ 27 ದಿನಗಳಿಗಿಂತ ಹೆಚ್ಚು ಇಲ್ಲ, ಮಗುವಿನ ಸಂಭಾವನೆಯ ಕನಿಷ್ಠ 20 ಶೇಕಡವನ್ನು ಅದರ ಹೆಸರಿನಲ್ಲಿ ರಾಷ್ಟ್ರೀಕೃತ ಬ್ಯಾಂಕಿನಲ್ಲಿ ಠೇವಣಿ ಇಡಬೇಕು. ಕಾನೂನಿನ ಆಚೆಗೆ ನನ್ನದೊಂದು ಒತ್ತಾಯವಿದೆ: ಹೊಡೆಯುವ ದೃಶ್ಯ ನಡೆಯುವಾಗ ಹುಡುಗಿ ಆ ಮನೆಯಲ್ಲೇ ಇರಬಾರದು. ಅವಳ ಮುಖವನ್ನು ಇನ್ನೊಂದು ದಿನ, ಬೇರೆ ಯಾವುದೋ ಸದ್ದನ್ನು ಕೇಳಿಸಿ, ಆಟದಂತೆ ಚಿತ್ರಿಸಿ. ಸಂಕಲನದಲ್ಲಿ ಎರಡೂ ಸೇರಿಕೊಳ್ಳುತ್ತವೆ. ಅವಳ ಮನೆಯಲ್ಲಿ ಏನು ನಡೆಯುತ್ತದೆಂದು ನಿಮಗೆ ತಿಳಿದಿರುವುದಿಲ್ಲ ಎಂಬುದನ್ನೂ ಮರೆಯಬೇಡಿ.

ಸೆನ್ಸಾರಿನ ಬಗ್ಗೆ ಹೆಚ್ಚು ಚಿಂತೆ ಬೇಡ. ಸಿನಿಮಾಟೋಗ್ರಾಫ್ ಕಾಯಿದೆಯ 2023ರ ತಿದ್ದುಪಡಿಯ ನಂತರ, ಮಕ್ಕಳು ಹಿರಿಯರ ಮಾರ್ಗದರ್ಶನದಲ್ಲಿ ನೋಡಬಹುದಾದ ಯುಎ ವರ್ಗ 7+, 13+, 16+ ಎಂದು ಮೂರಾಗಿದೆ. ರಕ್ತವನ್ನು ಮೆರೆಸದೆ ನೀವು ನಾನು ಹೇಳಿದ ರೀತಿಯಲ್ಲಿ ಚಿತ್ರಿಸಿದರೆ 16+ ಕೇಳುವುದು ಅತಿಯಾಸೆಯಲ್ಲ. ವಯಸ್ಕರಿಗೆ ಮಾತ್ರ ಎಂಬ ಎ ಪ್ರಮಾಣಪತ್ರ ಬಂದರೂ ಅದು ಅವಮಾನವಲ್ಲ, ಇದ್ದ ಹಾಗೆಯೇ ಟಿವಿ ವಾಹಿನಿಗಳಲ್ಲಿ ಮಾತ್ರ ತೋರಿಸುವಂತಿಲ್ಲ. ಅದಕ್ಕಿಂತ ಮೊದಲು ಹತ್ತು ನಿಮಿಷದ ಒಂದು ಕಿರುಚಿತ್ರ ಮಾಡಿ ನೋಡಿ. ಆಸ್ಟ್ರೇಲಿಯಾದ ಜೆನಿಫರ್ ಕೆಂಟ್ ತಾಯಿ, ಮಗ ಮತ್ತು ಮನೆಯೊಳಗಿನ ಭೂತದ ಕಥೆಯಾದ ದಿ ಬಾಬಾಡೂಕ್ ಚಿತ್ರವನ್ನು 2014ರಲ್ಲಿ ಹೊರತರುವುದಕ್ಕೆ ಒಂಬತ್ತು ವರ್ಷ ಮೊದಲು ಅದೇ ವಸ್ತುವಿನ ಕಿರುಚಿತ್ರ ಮಾಡಿದ್ದರು. ಆ ಚಿತ್ರದ ಕೊನೆಯಲ್ಲಿ ಭೂತ ಸಾಯುವುದಿಲ್ಲ. ನೆಲಮಾಳಿಗೆಯಲ್ಲಿ ಉಳಿಯುತ್ತದೆ, ತಾಯಿ ಅದಕ್ಕೆ ಆಹಾರ ಕೊಂಡೊಯ್ಯುತ್ತಾಳೆ. ಫ್ರಾನ್ಸಿನ ಗ್ಸಾವಿಯೆ ಲೆಗ್ರಾಂ ಹೊಡೆಯುವ ತಂದೆಯೊಬ್ಬನ ಕುರಿತು 2013ರ ಕಿರುಚಿತ್ರದ ನಟರನ್ನೇ ಇಟ್ಟುಕೊಂಡು 2017ರಲ್ಲಿ ಪೂರ್ಣ ಚಿತ್ರ ಮಾಡಿದರು. ಅದರಲ್ಲಿ ಪ್ರೇತವೇ ಇಲ್ಲ, ಆದರೂ ಕೊನೆಯ ಹೊತ್ತನ್ನು ಸಹಿಸುವುದು ಕಷ್ಟ. ನಿಮ್ಮ ಕಿರುಚಿತ್ರಕ್ಕೆ ಆಟಿಯ ಎಲೆಯ ದೃಶ್ಯ ಒಂದೇ ಸಾಕು.

ಮುಕ್ತಾಯವನ್ನು ನಾನು ಬರೆದುಕೊಡಲಾರೆ, ಆದರೆ ಹೀಗೊಂದು ಸಾಧ್ಯತೆ ಇದೆ. ಮುಂದಿನ ವರ್ಷದ ಆಟಿ. ತಾಯಿ ಮತ್ತು ಮಗಳು ಬೇರೆ ಊರಿನ ಬಾಡಿಗೆ ಕೋಣೆಯಲ್ಲಿದ್ದಾರೆ. ತಾಯಿ ಎರಡು ತಟ್ಟೆ ಇಡುತ್ತಾಳೆ. ಮಗಳು ಸ್ವಲ್ಪ ಯೋಚಿಸಿ, ಸತ್ತುಹೋದ ಅಜ್ಜಿಗೆಂದು ಇನ್ನೊಂದು ಎಲೆ ಹಾಕುತ್ತಾಳೆ. ಹೊರಗೆ ದಾರಿಯಲ್ಲಿ ಬೈಕೊಂದು ಬರುತ್ತದೆ. ಮೂವರೂ ಕಿವಿಗೊಡುತ್ತಾರೆ. ಪರದೆ ಕಪ್ಪಾದ ಮೇಲೆ, ಮಹಿಳೆಯರ ಸಹಾಯವಾಣಿ 181 ಮತ್ತು ಮಕ್ಕಳ ಸಹಾಯವಾಣಿ 1098, ಈ ಎರಡು ಸಂಖ್ಯೆಗಳನ್ನು ಕನ್ನಡದಲ್ಲಿಯೂ ಮಲಯಾಳದಲ್ಲಿಯೂ, ಓದಿ ಬರೆದುಕೊಳ್ಳಲು ಸಾಕಾಗುವಷ್ಟು ಹೊತ್ತು ನಿಲ್ಲಿಸಿ.